ಮಕ್ಕಳ ಅಂಕ ನೋಡುವ ಮೊದಲು ಪ್ರಶ್ನೆಪತ್ರಿಕೆಯನ್ನು ತೂಗಿ ನೋಡಿ

ಘಟಕ ಪರೀಕ್ಷೆ ಮುಗಿಯುತ್ತದೆ, ಉತ್ತರ ಪತ್ರಿಕೆ ತಿದ್ದುತ್ತೇವೆ, ಅಂಕಗಳನ್ನು ವಹಿಗೆ ಏರಿಸುತ್ತೇವೆ, 25ಕ್ಕೆ 9 ಬಂದ ಮಗುವಿನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯುತ್ತೇವೆ. ಆ 9 ಬಂದದ್ದು ಪಾಠ ತಲೆಗೆ ಹತ್ತದೆಯೋ, ಪ್ರಶ್ನೆಯ ಮಾತು ಅರ್ಥವಾಗದೆಯೋ, ನಮ್ಮ ಉತ್ತರ ಸೂಚಿಯೇ ತಪ್ಪಿದ್ದರಿಂದಲೋ? ಇದನ್ನು ತಿಳಿಯುವ ದಾರಿ ಇದೆ, ಅದಕ್ಕೆ ಬೇಕಾದ ಗಣಿತ ಬಹುಪಾಲು ಕೂಡುವುದು, ಕಳೆಯುವುದು, ಭಾಗಿಸುವುದು ಅಷ್ಟೇ. 40 ಮಕ್ಕಳ ತರಗತಿಗೆ ಒಂದು ಸಂಜೆ ಸಾಕು.

ಉದಾಹರಣೆಗೆ ಬೆಂಗಳೂರಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ 9ನೇ ತರಗತಿಯನ್ನು ಇಟ್ಟುಕೊಳ್ಳೋಣ: ವಿಜ್ಞಾನ, ದ್ರವ್ಯದ ಸ್ಥಿತಿಗಳ ಘಟಕ, 40 ಮಕ್ಕಳು, 25 ಅಂಕ, 45 ನಿಮಿಷದ ಒಂದು ಪೀರಿಯಡ್. ಕೆಳಗಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ಅವುಗಳ ಜಾಗದಲ್ಲಿ ನಿಮ್ಮ ತರಗತಿಯ ಅಂಕಿಗಳನ್ನು ಹಾಕಿಕೊಳ್ಳಿ.

ನೀಲನಕ್ಷೆ

ಯಾವ ವಿಷಯಾಂಶಕ್ಕೆ, ಯಾವ ಉದ್ದೇಶಕ್ಕೆ ಎಷ್ಟು ಅಂಕ ಎಂದು ಮೊದಲೇ ಹಂಚಿಡುವ ಪಟ್ಟಿಯೇ ನೀಲನಕ್ಷೆ. ಬಿ.ಇಡ್. ಓದಿದ ಎಲ್ಲರೂ ಅದನ್ನು ಬರೆದವರೇ. ಆದರೆ ಶಾಲೆಗೆ ಬಂದ ಮೇಲೆ ಪ್ರಶ್ನೆ ಮೊದಲು ಬರೆದು, ಕಡತಕ್ಕೆಂದು ನೀಲನಕ್ಷೆಯನ್ನು ಆಮೇಲೆ ತುಂಬಿಸುವ ಅಭ್ಯಾಸ ಬೆಳೆದುಬಿಡುತ್ತದೆ. ಹಾಗೆ ಮಾಡಿದರೆ ಬರೆಯಲು ಸುಲಭವಾದ ವಿಷಯಾಂಶದಿಂದ ಹೆಚ್ಚು ಪ್ರಶ್ನೆ ಬಂದು, ಕಲಿಸಲು ವಾರವಿಡೀ ಹಿಡಿದ ಭಾಗದಿಂದ ಒಂದೇ ಪ್ರಶ್ನೆ ಬರುತ್ತದೆ. ಪರೀಕ್ಷೆಯ ಸಪ್ರಮಾಣತೆ, ಅಂದರೆ ಅಳೆಯಬೇಕಾದದ್ದನ್ನೇ ಅಳೆಯುವ ಗುಣ, ಮೊದಲು ಕೆಡುವುದು ಅಲ್ಲೇ.

ವಿಷಯಾಂಶದ ತೂಕಕ್ಕೆ ಸರಳ ಅಳತೆ, ಅದನ್ನು ಕಲಿಸಲು ಹಿಡಿದ ಪೀರಿಯಡ್‌ಗಳು. ಈ ಘಟಕಕ್ಕೆ 10 ಪೀರಿಯಡ್ ಆಗಿದ್ದರೆ, ಸ್ಥಿತಿಗಳ ಲಕ್ಷಣಕ್ಕೆ 3, ಸ್ಥಿತಿ ಬದಲಾವಣೆ ಮತ್ತು ಗುಪ್ತೋಷ್ಣಕ್ಕೆ 4, ಆವಿಯಾಗುವಿಕೆಗೆ 3 ಎಂದುಕೊಳ್ಳಿ. 25 ಅಂಕವನ್ನು ಅದೇ ಪ್ರಮಾಣದಲ್ಲಿ ಹಂಚಿದರೆ 7.5, 10, 7.5. ಅರ್ಧಗಳನ್ನು ಸರಿಮಾಡಿ 7, 10, 8 ಮಾಡಿಕೊಳ್ಳಿ. ಆವಿಯಾಗುವಿಕೆಗೆ ಒಂದು ಅಂಕ ಹೆಚ್ಚು ಕೊಟ್ಟದ್ದಕ್ಕೆ ಕಾರಣವಿದೆ: ದಿನಬಳಕೆಯ ಉದಾಹರಣೆಗಳು ಅಲ್ಲಿ ಹೆಚ್ಚು, ಅನ್ವಯದ ಪ್ರಶ್ನೆ ಕೇಳಲು ಅದು ಒಳ್ಳೆಯ ಜಾಗ. ಉದ್ದೇಶಗಳಿಗೆ ಜ್ಞಾನ 5, ತಿಳುವಳಿಕೆ 10, ಅನ್ವಯ 7, ಕೌಶಲ 3. ಎರಡು ಕಡೆಯ ಮೊತ್ತವೂ 25 ಆಗಬೇಕು.

ಪ್ರಶ್ನೆರೂಪ: ಒಂದು ಅಂಕದ ಬಹು ಆಯ್ಕೆ 10, ಎರಡು ಅಂಕದವು 3, ಮೂರು ಅಂಕದವು 3. ಒಟ್ಟು 16 ಪ್ರಶ್ನೆ. ಸಮಯವನ್ನೂ ಇಲ್ಲೇ ಲೆಕ್ಕ ಹಾಕಿ. ಬಹು ಆಯ್ಕೆಗೆ 12 ನಿಮಿಷ, ಎರಡು ಅಂಕದವಕ್ಕೆ ತಲಾ 3ರಂತೆ 9, ಮೂರು ಅಂಕದವಕ್ಕೆ ತಲಾ 5ರಂತೆ 15, ಸೇರಿಸಿದರೆ 36. ಪತ್ರಿಕೆ ಹಂಚಿ, ಓದಿ, ಕೊನೆಗೆ ಒಮ್ಮೆ ತಿರುವಿ ನೋಡಲು 9 ನಿಮಿಷ ಉಳಿಯುತ್ತದೆ. ಇದಕ್ಕಿಂತ ಬಿಗಿ ಮಾಡಿದರೆ ನೀವು ಅಳೆಯುವುದು ವಿಜ್ಞಾನವನ್ನಲ್ಲ, ಬರೆಯುವ ವೇಗವನ್ನು.

ಎಸ್ಸೆಸ್ಸೆಲ್ಸಿಗೆ ಮಲ್ಲೇಶ್ವರದ ಪರೀಕ್ಷಾ ಮಂಡಳಿ ಕೊಡುವ ನೀಲನಕ್ಷೆಯನ್ನೇ ಇಳಿಸಿ ಘಟಕ ಪರೀಕ್ಷೆಗೆ ಹಚ್ಚುವುದು ಬೇಡ. ಅದು ಇಡೀ ವರ್ಷದ ಪಠ್ಯಕ್ಕೆ ಮಾಡಿದ ಅಳತೆ. ಘಟಕ ಪರೀಕ್ಷೆಯಿಂದ ನಮಗೆ ಬೇಕಾದದ್ದು, ಸೋಮವಾರ ಏನನ್ನು ಮತ್ತೆ ಕಲಿಸಬೇಕು ಎಂಬ ಉತ್ತರ.

ಪ್ರಶ್ನೆ ಬರೆಯುವಾಗ ಕನ್ನಡವೇ ಉತ್ತರ ಬಿಟ್ಟುಕೊಡುವ ಜಾಗಗಳು

ಪುಸ್ತಕಗಳಲ್ಲಿ ಸಿಗುವ ಸಾಮಾನ್ಯ ಎಚ್ಚರಿಕೆಗಳು ನಿಮಗೆ ಗೊತ್ತಿರುತ್ತವೆ: ಸರಿಯುತ್ತರದ ಆಯ್ಕೆ ಮಾತ್ರ ಉದ್ದವಾಗಿರಬಾರದು, ‘ಮೇಲಿನ ಎಲ್ಲವೂ’ ಬೇಡ, ಒಂದು ಪ್ರಶ್ನೆಯ ಉತ್ತರ ಇನ್ನೊಂದರಲ್ಲಿ ಅಡಗಿರಬಾರದು. ಕನ್ನಡದಲ್ಲಿ ಬರೆಯುವಾಗ ಇನ್ನೆರಡು ಬಲೆಗಳಿವೆ.

ಒಂದು, ವಿಭಕ್ತಿ ಪ್ರತ್ಯಯ. ‘ಅಯೋಡಿನ್ ಘನಸ್ಥಿತಿಯಿಂದ ನೇರ ಅನಿಲವಾಗುವಾಗ ____ಕ್ಕೆ ಒಳಗಾಗುತ್ತದೆ’ ಎಂದು ಬರೆದು ಕರಗುವಿಕೆ, ಉತ್ಪತನ, ಕುದಿಯುವಿಕೆ, ಆವಿಯಾಗುವಿಕೆ ಎಂಬ ಆಯ್ಕೆ ಕೊಟ್ಟರೆ, ಪಾಠ ಕೇಳದ ಮಗುವೂ ಉತ್ಪತನ ಎಂದೇ ಗುರುತು ಹಾಕುತ್ತದೆ. ‘ಕರಗುವಿಕೆಕ್ಕೆ’ ಎಂದು ಯಾರೂ ಹೇಳುವುದಿಲ್ಲವಲ್ಲ. ಪ್ರತ್ಯಯವನ್ನು ಖಾಲಿ ಜಾಗಕ್ಕೆ ಅಂಟಿಸದೆ ‘ಈ ಕ್ರಿಯೆಯ ಹೆಸರೇನು?’ ಎಂದು ಮುಗಿಸಿ.

ಎರಡು, ನಿಷೇಧ. ನಮ್ಮ ವಾಕ್ಯದಲ್ಲಿ ‘ಅಲ್ಲ’, ‘ಇಲ್ಲ’ ಬರುವುದು ತುದಿಯಲ್ಲಿ. ‘ಇವುಗಳಲ್ಲಿ ಆವಿಯಾಗುವಿಕೆಯ ವೇಗವನ್ನು ಹೆಚ್ಚಿಸುವ ಅಂಶ ಯಾವುದಲ್ಲ?’ ಎಂದು ಕೇಳಿದಾಗ, ‘ಯಾವುದು’ ಎಂಬಲ್ಲಿಯವರೆಗೆ ಓದಿ ಮಗು ಆಯ್ಕೆಗಳಿಗೆ ಹಾರಿರುತ್ತದೆ. ಆಗುವಷ್ಟು ಮಟ್ಟಿಗೆ ನಿಷೇಧದ ಪ್ರಶ್ನೆ ಬಿಡಿ. ಕೇಳಲೇಬೇಕಾದರೆ ‘ಅಲ್ಲ’ವನ್ನು ಬಿಡಿಸಿ ಬರೆದು ಅಡಿಗೆರೆ ಹಾಕಿ.

ತಪ್ಪು ಆಯ್ಕೆಗಳನ್ನು ಎಲ್ಲಿಂದ ತರುವುದು? ಮಕ್ಕಳ ನೋಟ್‌ಬುಕ್ಕಿನಿಂದ, ತರಗತಿಯಲ್ಲಿ ಅವರು ಕೊಟ್ಟ ತಪ್ಪು ಉತ್ತರಗಳಿಂದ. ಸುಮ್ಮನೆ ಜಾಗ ತುಂಬಲು ಬರೆದ ಆಯ್ಕೆಯನ್ನು ಯಾರೂ ಆರಿಸುವುದಿಲ್ಲ, ಆಗ ನಾಲ್ಕು ಆಯ್ಕೆಯ ಪ್ರಶ್ನೆ ಮೂರರದ್ದಾಗುತ್ತದೆ. ಈ ಪ್ರಶ್ನೆ ನೋಡಿ:

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬೆಂಗಳೂರು, ಮಂಗಳೂರು ಎರಡೂ ಕಡೆ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ಇದೆ. ಒಂದೇ ಬಗೆಯ ಮಣ್ಣಿನ ಮಡಕೆಯಲ್ಲಿಟ್ಟ ನೀರು ಬೆಂಗಳೂರಿನಲ್ಲಿ ಹೆಚ್ಚು ತಣ್ಣಗಿದೆ. ಕಾರಣವೇನು?
ಎ) ಮಣ್ಣಿಗೆ ತಂಪಿನ ಗುಣವಿದೆ
ಬಿ) ಬೆಂಗಳೂರಿನ ಗಾಳಿಯಲ್ಲಿ ತೇವ ಕಡಿಮೆ ಇದೆ
ಸಿ) ಮಡಕೆ ಹೊರಗಿನ ಬಿಸಿಯನ್ನು ತಡೆಯುತ್ತದೆ
ಡಿ) ಮಂಗಳೂರಿನ ನೀರಿನಲ್ಲಿ ಉಪ್ಪಿದೆ

ಸರಿಯುತ್ತರ ಬಿ. ಎ ಮತ್ತು ಸಿ ಮಕ್ಕಳು ನಿಜವಾಗಿ ನಂಬಿರುವ ಮಾತುಗಳು. ಡಿ ನಾಲ್ಕನೆಯದು ಬೇಕಲ್ಲ ಎಂದು ಸೇರಿಸಿದ್ದು. ಅದರ ಗತಿ ಏನಾಯಿತೆಂದು ಮುಂದೆ ನೋಡೋಣ.

ಪತ್ರಿಕೆ ಸಿದ್ಧವಾದ ಮೇಲೆ 10ನೇ ತರಗತಿಯ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿಸಿ. ಉತ್ತರ ಕೇಳಬೇಡಿ, ‘ಇಲ್ಲಿ ಏನು ಕೇಳಿದಾರೆ, ನಿನ್ನ ಮಾತಲ್ಲಿ ಹೇಳು’ ಎನ್ನಿ. ಬೆಂಗಳೂರಿನ ತರಗತಿಯಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು ಆಗಿರುವ ಮಕ್ಕಳು ಇದ್ದೇ ಇರುತ್ತಾರೆ. ಓದಿಸುವ ಇಬ್ಬರಲ್ಲಿ ಒಬ್ಬರು ಅವರಲ್ಲೇ ಒಬ್ಬರಾಗಿರಲಿ. ‘ಮಿಸ್, ಏರಿಕೆ ಕ್ರಮ ಅಂದ್ರೆ ಏನು?’ ಎಂಬ ಪ್ರಶ್ನೆ ಬಂದರೆ, ಆ ಪ್ರಶ್ನೆ ಅಳೆಯುತ್ತಿರುವುದು ಕುದಿಯುವ ಬಿಂದುವಿನ ತಿಳಿವನ್ನಲ್ಲ, ಒಂದು ಪದದ ಪರಿಚಯವನ್ನು. ‘ಕಡಿಮೆಯದರಿಂದ ಹೆಚ್ಚಿನದಕ್ಕೆ ಜೋಡಿಸಿ’ ಎಂದು ಬದಲಿಸಿ. ಪಾಠದಲ್ಲಿ ಕಲಿಸಿದ ಪಾರಿಭಾಷಿಕ ಪದಗಳನ್ನು ಮಾತ್ರ ಹಾಗೇ ಇಡಿ, ಅವು ಕಲಿಕೆಯ ಭಾಗವೇ.

ಮುದ್ರಣಕ್ಕೆ ಕೊಡುವಾಗ: ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಪೆನ್‌ಡ್ರೈವಿನಲ್ಲಿ ಒಯ್ಯಬೇಡಿ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಅಕ್ಷರ ವಿನ್ಯಾಸ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಪಿಡಿಎಫ್ ಮಾಡಿ ಒಯ್ಯಿರಿ. ಚಿತ್ರದಲ್ಲಿ ಬೂದು ಬಣ್ಣ ತುಂಬಿದರೆ ಝೆರಾಕ್ಸಿನಲ್ಲಿ ಕಪ್ಪಾಗುತ್ತದೆ, ಗೆರೆಗಳಿಂದಲೇ ತೋರಿಸಿ. ಒಂದು ಪ್ರಶ್ನೆಯ ಆಯ್ಕೆಗಳು ಎರಡು ಪುಟಕ್ಕೆ ಒಡೆಯದಂತೆ ನೋಡಿಕೊಳ್ಳಿ.

ತಿದ್ದುವ ಕ್ರಮ

1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದಾಗ, ನೂರಕ್ಕೆ ಕೊಟ್ಟ ಅಂಕಗಳಲ್ಲಿ 30ಕ್ಕೂ ಹೆಚ್ಚಿನ ಅಂತರ ಬಂತು. ಭಾಷೆಯ ಪತ್ರಿಕೆಯಾದ್ದರಿಂದ ಹೀಗೆ ಎಂದವರಿಗೆ ಮರುವರ್ಷ ರೇಖಾಗಣಿತದ ಪತ್ರಿಕೆಯಲ್ಲಿ ಅದಕ್ಕಿಂತ ದೊಡ್ಡ ಅಂತರ ತೋರಿಸಿದರು. ಈ ಅಂತರವನ್ನು ಕಡಿಮೆ ಮಾಡುವುದು ಅಂಕ ವಿಭಜನೆ. ಅದನ್ನು ಪರೀಕ್ಷೆಗೆ ಮೊದಲೇ ಬರೆದಿಡಿ.

ಮಂಜುಗಡ್ಡೆ ಕಾಯಿಸಿದಾಗಿನ ಕಾಲ ಮತ್ತು ಉಷ್ಣಾಂಶದ ನಕ್ಷೆಗೆ ಮೂರು ಅಂಕ ಎಂದರೆ: ಅಕ್ಷಗಳಿಗೆ ಹೆಸರು, ಏಕಮಾನ ಬರೆದು ಪ್ರಮಾಣ ಆರಿಸಿದ್ದಕ್ಕೆ 1, ಬಿಂದುಗಳನ್ನು ಸರಿಯಾಗಿ ಗುರುತಿಸಿ ಸೇರಿಸಿದ್ದಕ್ಕೆ 1, ಸಮತಟ್ಟಾದ ಭಾಗವೇ ಕರಗುವ ಹಂತ ಎಂದು ತೋರಿಸಿದ್ದಕ್ಕೆ 1. ಅಂದವಾದ ಗೆರೆಗೆ ಅಂಕವಿಲ್ಲ ಎಂಬುದೂ ಬರೆದಿರಲಿ.

ಒಬ್ಬ ಮಗುವಿನ ಪೂರ್ತಿ ಪತ್ರಿಕೆ ತಿದ್ದಿ ಮುಂದಿನದಕ್ಕೆ ಹೋಗಬೇಡಿ. ಎಲ್ಲ 40 ಪತ್ರಿಕೆಗಳ 11ನೇ ಪ್ರಶ್ನೆ ಮುಗಿಸಿ, ಆಮೇಲೆ 12ನೆಯದು. ಹೆಸರಿನ ಪುಟವನ್ನು ಹಿಂದಕ್ಕೆ ಮಡಚಿ. ಪ್ರತಿ ಪ್ರಶ್ನೆ ಮುಗಿದಾಗ ಕಟ್ಟನ್ನು ಅದಲುಬದಲು ಮಾಡಿ. ಮೊದಲ ಹತ್ತು ಪತ್ರಿಕೆಗೆ ಒಂದು ಕೈ, ರಾತ್ರಿ ಹತ್ತು ಗಂಟೆಯ ಕೊನೆಯ ಹತ್ತಕ್ಕೆ ಇನ್ನೊಂದು ಕೈ ಆಗುವುದು ಎಲ್ಲರಿಗೂ ಸಹಜ. ಅದಲುಬದಲು ಮಾಡಿದರೆ ಆ ಭಾರ ಒಂದೇ ಮಗುವಿನ ಮೇಲೆ ಬೀಳುವುದಿಲ್ಲ.

ಅಂಕಗಳನ್ನು ಹಾಳೆಗೆ ಏರಿಸುವಾಗ ಮೊತ್ತ ಮಾತ್ರ ಸಾಲದು. ಸಾಲಿಗೊಬ್ಬ ಮಗು, ಅಂಕಣಕ್ಕೊಂದು ಪ್ರಶ್ನೆ. ಬಹು ಆಯ್ಕೆಗೆ ಮಗು ಆರಿಸಿದ ಅಕ್ಷರವನ್ನೇ ಬರೆಯಿರಿ. ತಪ್ಪು ಬರೆದಿದ್ದರೆ 0, ಏನೂ ಬರೆಯದಿದ್ದರೆ ಅಡ್ಡಗೆರೆ. ಕೊನೆಯ ಎರಡು ಪ್ರಶ್ನೆಗಳಲ್ಲಿ ಏಳೆಂಟು ಅಡ್ಡಗೆರೆ ಕಂಡರೆ ಅದು ಸಮಯ ಸಾಲದ ಗುರುತು. ಆ ಪ್ರಶ್ನೆಗಳನ್ನು ಕಠಿಣ ಎಂದು ಬರೆದುಕೊಂಡರೆ ಮುಂದಿನ ವರ್ಷ ತಪ್ಪು ದಾರಿ ಹಿಡಿಯುತ್ತೀರಿ.

ಪ್ರಶ್ನೆ ವಿಶ್ಲೇಷಣೆ

ಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸಿ. ಮೇಲಿನ ಶೇ 27, ಕೆಳಗಿನ ಶೇ 27 ಬೇರೆ ಮಾಡಿ. ಈ 27 ಎಂಬ ಸಂಖ್ಯೆ ಸಂಖ್ಯಾಶಾಸ್ತ್ರಜ್ಞ ಟ್ರೂಮನ್ ಕೆಲ್ಲಿ 1939ರಲ್ಲಿ ತೋರಿಸಿಕೊಟ್ಟದ್ದು: ಗುಂಪುಗಳು ಸಾಕಷ್ಟು ದೊಡ್ಡವೂ ಇರಬೇಕು, ಒಂದಕ್ಕೊಂದು ಸಾಕಷ್ಟು ದೂರವೂ ಇರಬೇಕು. ಎರಡೂ ಹದವಾಗಿ ಸಿಗುವುದು ಅಲ್ಲಿ. 40ಕ್ಕೆ 10.8, ಅಂದರೆ 11. ನಡುವಿನ 18 ಪತ್ರಿಕೆಗಳನ್ನು ಸದ್ಯಕ್ಕೆ ಬದಿಗಿಡಿ. 11 ಮತ್ತು 12ನೇ ಪತ್ರಿಕೆಯ ಮೊತ್ತ ಒಂದೇ ಆಗಿದ್ದರೆ ಚೀಟಿ ಎತ್ತಿ. ತರಗತಿಯಲ್ಲಿ 25ರಷ್ಟೇ ಮಕ್ಕಳಿದ್ದರೆ ಶೇ 27ರ ಬದಲು ಮೇಲರ್ಧ, ಕೆಳಗಿನರ್ಧ ತೆಗೆದುಕೊಳ್ಳಿ.

ಈಗ ಪ್ರತಿ ಪ್ರಶ್ನೆಗೆ ಎರಡು ಲೆಕ್ಕ. ಎರಡೂ ಗುಂಪಿನಲ್ಲಿ ಸರಿಯುತ್ತರ ಬರೆದವರನ್ನು ಕೂಡಿಸಿ 22ರಿಂದ ಭಾಗಿಸಿದರೆ ಕಠಿಣತೆಯ ಸೂಚ್ಯಂಕ. ಹೆಸರು ಕಠಿಣತೆ ಎಂದಿದ್ದರೂ ಸಂಖ್ಯೆ ದೊಡ್ಡದಾದಷ್ಟೂ ಪ್ರಶ್ನೆ ಸುಲಭ, ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮೇಲಿನ ಗುಂಪಿನ ಸರಿಯುತ್ತರಗಳಿಂದ ಕೆಳಗಿನ ಗುಂಪಿನವನ್ನು ಕಳೆದು 11ರಿಂದ ಭಾಗಿಸಿದರೆ ಭೇದಕ ಸೂಚ್ಯಂಕ. ಕಲಿತವರನ್ನೂ ಕಲಿಯದವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸಿತು ಎಂಬುದನ್ನು ಅದು ಹೇಳುತ್ತದೆ.

ಮಡಕೆಯ ಪ್ರಶ್ನೆಯನ್ನೇ ಹತ್ತಿರದಿಂದ ನೋಡೋಣ. ಮೇಲಿನ 11 ಮಂದಿಯಲ್ಲಿ ಎ 1, ಬಿ 9, ಸಿ 1, ಡಿ 0. ಕೆಳಗಿನ 11ರಲ್ಲಿ ಎ 6, ಬಿ 3, ಸಿ 2, ಡಿ 0. ಕಠಿಣತೆ 12 ಭಾಗ 22, ಅಂದರೆ 0.55. ಭೇದಕ 6 ಭಾಗ 11, ಅದೂ 0.55. ಒಳ್ಳೆಯ ಪ್ರಶ್ನೆ. ಆದರೆ ಉಪ್ಪಿನ ಮಾತನ್ನು ಯಾರೂ ಮುಟ್ಟಿಲ್ಲ, ಅದನ್ನು ಕಿತ್ತು ಬೇರೆ ಹಾಕಬೇಕು. ಅದಕ್ಕಿಂತ ಮುಖ್ಯವಾದದ್ದು ಕೆಳಗಿನ ಗುಂಪಿನ ಆರು ಮಕ್ಕಳು ‘ಎ’ ಆರಿಸಿರುವುದು. ತಂಪು ಮಣ್ಣಿನ ಸ್ವಭಾವ, ಆವಿಯಾಗುವಿಕೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವರು ನಂಬಿದ್ದಾರೆ. 25ಕ್ಕೆ 9 ಎಂಬ ಅಂಕ ಇದನ್ನು ಎಂದೂ ಹೇಳುತ್ತಿರಲಿಲ್ಲ.

ಅದೇ ಪತ್ರಿಕೆಯ ಇನ್ನೊಂದು ಪ್ರಶ್ನೆ: ‘ತೆರೆದ ಪಾತ್ರೆಯಲ್ಲಿ ಕಾಯಿಸಿದ ನೀರು ಎಷ್ಟು ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ?’ ಆಯ್ಕೆಗಳು 78, 97, 100, 373. ಉತ್ತರ ಸೂಚಿಯಲ್ಲಿ 100. ಮೇಲಿನ ಗುಂಪಿನಲ್ಲಿ 4 ಸರಿ, ಕೆಳಗಿನದರಲ್ಲಿ 8 ಸರಿ. ಕಠಿಣತೆ ಇಲ್ಲೂ 0.55, ಮಡಕೆಯ ಪ್ರಶ್ನೆಯಷ್ಟೇ. ಆದರೆ ಭೇದಕ ಮೈನಸ್ 0.36! ಚೆನ್ನಾಗಿ ಕಲಿತವರು ತಪ್ಪಿ, ಕಲಿಯದವರು ಸರಿ ಮಾಡಿದ್ದಾರೆಂದರೆ ಮೊದಲು ಅನುಮಾನಿಸಬೇಕಾದದ್ದು ನಮ್ಮ ಉತ್ತರ ಸೂಚಿಯನ್ನು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ವಾಯುಭಾರ ಕಡಿಮೆ, ಆದ್ದರಿಂದ ನೀರು ಇಲ್ಲಿ ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಪ್ರಯೋಗಾಲಯದಲ್ಲಿ ಉಷ್ಣತಾಮಾಪಕ ಹಿಡಿದು ನೋಡಿದ ಮಕ್ಕಳು ಕಂಡದ್ದನ್ನು ಬರೆದಿದ್ದಾರೆ, ಪುಸ್ತಕದ ಸಂಖ್ಯೆ ಬಾಯಿಪಾಠ ಮಾಡಿದವರಿಗೆ ಅಂಕ ಸಿಕ್ಕಿದೆ. 97 ಮತ್ತು 100 ಎರಡಕ್ಕೂ ಅಂಕ ಕೊಟ್ಟು, ಎಲ್ಲರ ಮೊತ್ತ ಮತ್ತೆ ಹಾಕಿ, ಏಕೆ ಬದಲಾಯಿಸಿದಿರೆಂದು ತರಗತಿಯಲ್ಲೇ ಹೇಳಿ. ಮುಂದಿನ ಬಾರಿಗೆ ಪ್ರಶ್ನೆಯಲ್ಲಿ ‘ಸಮುದ್ರ ಮಟ್ಟದ ವಾಯುಭಾರದಲ್ಲಿ’ ಎಂದು ಸೇರಿಸಿ.

ಎರಡು, ಮೂರು ಅಂಕದ ಪ್ರಶ್ನೆಗಳಿಗೆ ತಲೆ ಎಣಿಸುವ ಬದಲು ಅಂಕ ಕೂಡಿಸಿ. ನಕ್ಷೆಯ ಪ್ರಶ್ನೆಗೆ ಮೇಲಿನ ಗುಂಪಿಗೆ ಒಟ್ಟು 26, ಕೆಳಗಿನದಕ್ಕೆ 11 ಬಂದಿದ್ದರೆ, ಕಠಿಣತೆ 37 ಭಾಗ 66, ಅಂದರೆ 0.56. ಭೇದಕ 15 ಭಾಗ 33, ಅಂದರೆ 0.45.

ಭೇದಕ ಸೂಚ್ಯಂಕಕ್ಕೆ ಪರೀಕ್ಷಾ ಮಾಪನದ ತಜ್ಞ ರಾಬರ್ಟ್ ಎಬೆಲ್ ಕೊಟ್ಟ ಮಟ್ಟಗಳನ್ನೇ ಈಗಲೂ ಬಳಸುತ್ತಾರೆ: 0.40 ಮತ್ತು ಮೇಲೆ ಬಹಳ ಚೆನ್ನ, 0.30ರಿಂದ 0.39 ಪರವಾಗಿಲ್ಲ, 0.20ರಿಂದ 0.29 ತಿದ್ದಬೇಕಾದದ್ದು, ಅದಕ್ಕಿಂತ ಕಡಿಮೆ ಆದರೆ ಕೈಬಿಡಬೇಕಾದದ್ದು ಅಥವಾ ಪೂರ್ತಿ ಹೊಸದಾಗಿ ಬರೆಯಬೇಕಾದದ್ದು. ಇವನ್ನು ಕಲ್ಲಿನ ಮೇಲಿನ ಗೆರೆ ಎಂದುಕೊಳ್ಳಬೇಡಿ. ಗುಂಪಿನಲ್ಲಿ ಇರುವುದೇ 11 ಮಂದಿ, ಒಬ್ಬ ಮಗು ಆಚೀಚೆ ಆದರೆ ಸೂಚ್ಯಂಕ 0.09 ಜಾರುತ್ತದೆ. 0.36ಕ್ಕೂ 0.45ಕ್ಕೂ ನಡುವೆ ನಿಂತಿರುವುದು ಒಂದೇ ಮಗು. ಮೈನಸ್ ಬಂದದ್ದು, ಸೊನ್ನೆಯ ಹತ್ತಿರ ಇರುವುದು, ಇವುಗಳ ಕಡೆ ಮಾತ್ರ ಗಟ್ಟಿಯಾಗಿ ಗಮನ ಕೊಡಿ. ಇನ್ನೊಂದು ಮಾತು: ಕಠಿಣತೆ 0.95 ಬಂದ ಪ್ರಶ್ನೆಯ ಭೇದಕ ಕಡಿಮೆ ಇರಲೇಬೇಕು, ಏಕೆಂದರೆ ಬಹುತೇಕ ಎಲ್ಲರೂ ಸರಿ ಮಾಡಿದ್ದಾರೆ. ಸೀಟು ಹಂಚುವ ಪರೀಕ್ಷೆಗೆ ಅದು ಬೇಡದ ಪ್ರಶ್ನೆ. ತರಗತಿಯ ಪರೀಕ್ಷೆಗೆ ಅದು, ನೀವು ಕಲಿಸಿದ್ದು ಮುಟ್ಟಿದೆ ಎಂಬ ಸುದ್ದಿ. ಅಂಥ ಒಂದೆರಡನ್ನು ಪತ್ರಿಕೆಯ ಮೊದಲಲ್ಲಿ ಇಟ್ಟರೆ ಹೆದರಿದ ಮಕ್ಕಳ ಕೈಯೂ ಓಡುತ್ತದೆ.

14 ಅಂಕ ಎಂದರೆ ಎಷ್ಟು?

ಇಡೀ ಪತ್ರಿಕೆಯ ವಿಶ್ವಾಸಾರ್ಹತೆಗೆ, ಅಂದರೆ ಅದು ಕೊಡುವ ಅಂಕ ಎಷ್ಟು ಸ್ಥಿರ ಎಂದು ತಿಳಿಯಲು, ಮನಶ್ಶಾಸ್ತ್ರಜ್ಞ ಕ್ರೋನ್‌ಬ್ಯಾಕ್ 1951ರಲ್ಲಿ ಬರೆದ ಆಲ್ಫಾ ಸೂತ್ರ ಸಾಕು. ಸರಿ ಅಥವಾ ತಪ್ಪು ಎಂದಷ್ಟೇ ಇರುವ ಪತ್ರಿಕೆಗೆ ಕ್ಯೂಡರ್ ಮತ್ತು ರಿಚರ್ಡ್‌ಸನ್ ಅವರ 1937ರ ಸೂತ್ರವಿದೆ. ನಮ್ಮದರಲ್ಲಿ ಎರಡು, ಮೂರು ಅಂಕದವೂ ಇರುವುದರಿಂದ ಆಲ್ಫಾ ಬೇಕು. ಎಕ್ಸೆಲ್ ಅಥವಾ ಗೂಗಲ್ ಶೀಟಿನಲ್ಲಿ ವಿಎಆರ್‌ಪಿ (VARP) ಎಂಬ ಸೂತ್ರದಿಂದ ಪ್ರತಿ ಪ್ರಶ್ನೆಯ ಅಂಕಣಕ್ಕೂ ವಿಚರಣೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ತೆಗೆಯಿರಿ. ಬಹು ಆಯ್ಕೆಯ ಅಕ್ಷರಗಳನ್ನು ಇದಕ್ಕೆ ಮೊದಲು 1 ಅಥವಾ 0 ಮಾಡಿಕೊಳ್ಳಬೇಕು. ಅಡ್ಡಗೆರೆಗಳನ್ನೂ 0 ಮಾಡಿ, ಇಲ್ಲದಿದ್ದರೆ ಸೂತ್ರ ಆ ಮಕ್ಕಳನ್ನೇ ಬಿಟ್ಟು ಲೆಕ್ಕ ಹಾಕುತ್ತದೆ. 16 ವಿಚರಣೆಗಳ ಮೊತ್ತ 6.2, ಒಟ್ಟು ಅಂಕದ ಅಂಕಣದ ವಿಚರಣೆ 20.25 ಎಂದುಕೊಳ್ಳಿ.

6.2 ಭಾಗ 20.25 ಎಂದರೆ 0.306. ಅದನ್ನು 1ರಿಂದ ಕಳೆದರೆ 0.694. ಅದನ್ನು 16 ಭಾಗ 15ರಿಂದ ಗುಣಿಸಿದರೆ ಆಲ್ಫಾ 0.74. 45 ನಿಮಿಷದ ಪತ್ರಿಕೆಗೆ ಇದು ಒಳ್ಳೆಯದೇ.

ಇದರಿಂದ ಮಾಪನ ದೋಷ ತೆಗೆಯಬಹುದು. ಒಟ್ಟು ಅಂಕದ ಮಾನಕ ವಿಚಲನೆ 20.25ರ ವರ್ಗಮೂಲ, 4.5. ಆಲ್ಫಾವನ್ನು 1ರಿಂದ ಕಳೆದು ಉಳಿದ 0.26ರ ವರ್ಗಮೂಲ 0.51. ಎರಡನ್ನೂ ಗುಣಿಸಿದರೆ 2.3. 14 ಅಂಕ ಬಂದ ಮಗುವಿನ ನಿಜವಾದ ಮಟ್ಟ ಸುಮಾರು 12ಕ್ಕೂ 16ಕ್ಕೂ ನಡುವೆ ಎಲ್ಲೋ ಇದೆ, ಅದೂ ಮೂರರಲ್ಲಿ ಎರಡು ಸಲ ನಂಬಬಹುದಾದ ಮಾತು. ಹಾಗಿರುವಾಗ 17 ಬಂದವಳಿಗಿಂತ 18 ಬಂದವನು ಜಾಣ ಎಂದು ಸೂಚನಾ ಫಲಕದಲ್ಲಿ ಕ್ರಮಾಂಕ ಹಾಕುವುದಕ್ಕೆ ಈ ಪತ್ರಿಕೆ ಆಧಾರ ಕೊಡುವುದಿಲ್ಲ. ಪೋಷಕರ ಸಭೆಯಲ್ಲಿ ‘ಮೇಡಂ, ಹೋದ ಸಲಕ್ಕಿಂತ ಒಂದು ಅಂಕ ಇಳಿದಿದೆಯಲ್ಲ’ ಎಂದು ಯಾರಾದರೂ ಗಾಬರಿಯಾದರೆ ‘ಅದು ಇಳಿಕೆಯಲ್ಲ, ಅಳತೆಯ ಅಲುಗಾಟ’ ಎಂದು ಧೈರ್ಯವಾಗಿ ಹೇಳಬಹುದು. ಬದಲಿಗೆ ಮಗು ಯಾವ ವಿಷಯಾಂಶದಲ್ಲಿ ತಪ್ಪಿದೆ ಎಂಬ ಸಾಲನ್ನು ತೋರಿಸಿ.

ಆಲ್ಫಾ ತೀರ ಕಡಿಮೆ, 0.50ರ ಕೆಳಗೆ ಬಂದರೆ ಕಾರಣಗಳನ್ನು ಈ ಕ್ರಮದಲ್ಲಿ ಹುಡುಕಿ: ಭೇದಕ ಮೈನಸ್ ಇರುವ ಪ್ರಶ್ನೆಗಳು, ಪ್ರಶ್ನೆಗಳ ಸಂಖ್ಯೆ ಹತ್ತಕ್ಕಿಂತ ಕಡಿಮೆ ಇರುವುದು, ಊಹೆ (ನಾಲ್ಕು ಆಯ್ಕೆಯ 10 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ 2.5 ಅಂಕ ಬರುತ್ತದೆ), ನಕಲು. ತರಗತಿಯ ಎಲ್ಲರೂ ಹೆಚ್ಚುಕಡಿಮೆ ಒಂದೇ ಅಂಕ ತೆಗೆದಿದ್ದರೂ ಆಲ್ಫಾ ಇಳಿಯುತ್ತದೆ. ಆಗ ದೋಷ ಪತ್ರಿಕೆಯದ್ದಲ್ಲ.

ಪ್ರಶ್ನೆಯ ಕಾರ್ಡು, ಮತ್ತೆ ಕಲಿಸುವ ಪೀರಿಯಡ್

ಪ್ರತಿ ಪ್ರಶ್ನೆಗೆ ಒಂದು ಕಾರ್ಡು ಮಾಡಿ. ಮುಂದೆ ಪ್ರಶ್ನೆ, ಹಿಂದೆ ವಿಷಯಾಂಶ, ಉದ್ದೇಶ, ಬಳಸಿದ ತಿಂಗಳು, ಎರಡು ಸೂಚ್ಯಂಕ, ಯಾವ ಆಯ್ಕೆಗೆ ಎಷ್ಟು ಮಂದಿ. ಶೀಟಿನಲ್ಲೇ ಇಟ್ಟುಕೊಳ್ಳುವವರು ಹಾಗೇ ಮಾಡಿ. ಎ ವಿಭಾಗಕ್ಕೆ ಬೆಳಿಗ್ಗೆ ಕೊಟ್ಟ ಪತ್ರಿಕೆಯನ್ನು ಬಿ ವಿಭಾಗಕ್ಕೆ ಮಧ್ಯಾಹ್ನ ಕೊಡಬೇಡಿ, ಊಟದ ಹೊತ್ತಿಗೆ ಪ್ರಶ್ನೆಗಳು ಆಚೆ ಬಂದಿರುತ್ತವೆ. ಎರಡು ವರ್ಷ ಕಾರ್ಡು ಕೂಡಿಟ್ಟರೆ ಸಮಾನ ಕಠಿಣತೆಯ ಎರಡು ಪತ್ರಿಕೆ ಹೊಂದಿಸುವುದು ಕಷ್ಟವಾಗುವುದಿಲ್ಲ.

ಪತ್ರಿಕೆ ಹಿಂದಿರುಗಿಸುವ ಪೀರಿಯಡ್‌ನಲ್ಲಿ 16 ಪ್ರಶ್ನೆಗೂ ಉತ್ತರ ಬರೆಸುತ್ತಾ ಕೂರಬೇಡಿ. ಕೆಳಗಿನ ಗುಂಪು ಒಂದೇ ತಪ್ಪಿಗೆ ಹೆಚ್ಚು ಬಿದ್ದಿರುವ ಎರಡೋ ಮೂರೋ ಪ್ರಶ್ನೆ ಸಾಕು. ಮಡಕೆಗೆ ಒಂದು ಸಣ್ಣ ಪ್ರಯೋಗ: ಒಂದೇ ಅಳತೆಯ ಎರಡು ಹೊಸ ಕುಡಿಕೆ ತನ್ನಿ, ಒಂದರ ಹೊರಮೈಗೆ ಪೂರ್ತಿ ಬಣ್ಣ ಬಳಿದು ಒಣಗಿಸಿ, ಎರಡಕ್ಕೂ ಅಷ್ಟಷ್ಟೇ ನೀರು ಹಾಕಿ ಹಿಂದಿನ ಸಂಜೆಯೇ ಕಿಟಕಿಯ ಬಳಿ ಇಡಿ. ಎರಡೂ ಮಣ್ಣೇ, ಆದರೆ ಬೆಳಿಗ್ಗೆ ಉಷ್ಣತಾಮಾಪಕ ಇಟ್ಟರೆ ಬಣ್ಣ ಬಳಿದದ್ದು ಇನ್ನೊಂದರಷ್ಟು ತಣ್ಣಗಾಗಿರುವುದಿಲ್ಲ. ಆ ಆರು ಮಕ್ಕಳಿಂದಲೇ ಓದಿಸಿ.

ಎರಡು ವಾರ ಬಿಟ್ಟು ಒಂದೇ ಪ್ರಶ್ನೆಯನ್ನು ಚೀಟಿಯಲ್ಲಿ ಕೊಡಿ. ಮಡಕೆ ಬೇಡ, ಮಣ್ಣೂ ಬೇಡ: ‘ಬಸ್ಸಿನಲ್ಲಿ ಹೋಗುವಾಗ ನೀರಿನ ಸ್ಟೀಲ್ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಕಿಟಕಿಯ ಬಳಿ ಹಿಡಿದರೆ ನೀರು ತಣ್ಣಗಾಗುತ್ತದೆ. ಏಕೆ? ಮಳೆ ಸುರಿಯುತ್ತಿರುವ ದಿನ ಹಾಗೆ ಮಾಡಿದರೆ ಅಷ್ಟೇ ತಣ್ಣಗಾಗುತ್ತದೆಯೇ?’ ಎರಡು ಅಂಕ, ಮೂರು ನಿಮಿಷ. ಆ ಆರು ಚೀಟಿಗಳನ್ನು ಮೊದಲು ಓದಿ.